ತಳಕ್ಕೆ ಕಳಿಸದ ಸುದ್ದಿ

ಕಡಲು ಉಕ್ಕಿ ಬಂದ ಆ ವರ್ಷ ಯಂತ್ರಗಳು ಮೊದಲು ಮೂರು ಸಲ ಸುಳ್ಳು ಎಚ್ಚರಿಕೆ ಕೊಟ್ಟಿದ್ದವು. ಮೂರು ಸಲವೂ ಜನ ಗುಡ್ಡ ಹತ್ತಿದರು, ಏನೂ ಆಗದೆ ನಗುತ್ತ ಇಳಿದರು. ನಾಲ್ಕನೆಯ ಸಲ ಯಾರೂ ಹತ್ತಲಿಲ್ಲ. ಕರಾವಳಿಯಲ್ಲಿ ಆ ದಿನ ಎಷ್ಟು ಮನೆ ಹೋಯಿತೆಂದು ಇಲ್ಲಿ ಬರೆಯುವುದಿಲ್ಲ. ಬದುಕಿ ಉಳಿದವರು ಒಂದೇ ಮಾತು ಹೇಳಿದರು: ಇನ್ನು ಯಂತ್ರ ಕೂಗಿದರೆ ನಾವು ಏಳುವುದಿಲ್ಲ, ಮನುಷ್ಯರು ಯಾರಾದರೂ ಕೂಗಬೇಕು. ಸರ್ಕಾರ ಅದನ್ನೇ ಕಾನೂನು ಮಾಡಿತು.

ಹಾಗೆ ಕಡಲಡಿಯ ಕಾವಲು ಶುರುವಾಯಿತು. ನಮ್ಮ ಕಡವಿನಕೇರಿಯ ದಡದಿಂದ ಮೂವತ್ತು ಮೈಲಿ ಆಚೆ, ಕಡಲನ್ನು ಉಕ್ಕಿಸಿದ ಭೂಕಂಪದಲ್ಲಿ ನೆಲ ಕುಸಿದು ಆದ ಕಣಿವೆಯ ತಳದಲ್ಲಿ, ಒಬ್ಬರು ಕೂತು ಮಲಗಿ ಏಳುವಷ್ಟು ಜಾಗವಿರುವ ಉಕ್ಕಿನ ಗೋಳಗಳನ್ನು ಇಳಿಸಿದರು. ಜನ ಅವಕ್ಕೆ ಗುಡಾಣ ಎಂದು ಹೆಸರಿಟ್ಟರು. ಕಾವಲಿನವರು ಅರುವತ್ತು ದಿನ ಅದರಲ್ಲಿ ಒಬ್ಬರೇ ಇದ್ದು, ನೆಲದ ಸದ್ದು ಕೇಳಿ, ನಡುಗಿದರೆ ತಮ್ಮ ದನಿಯಲ್ಲಿ ದಡಕ್ಕೆ ಹೇಳಬೇಕು. ಗುಡಾಣಕ್ಕೂ ದಡದ ನಿಲಯಕ್ಕೂ ನಡುವೆ ಕೂದಲಿನಂಥ ಗಾಜಿನ ಎಳೆಯೊಂದಿದೆ. ಮಾತೂ ಅದರಲ್ಲೇ ಹೋಗುತ್ತದೆ, ಕಂಪ್ಯೂಟರಿನ ಅಕ್ಷರವೂ ಅದರಲ್ಲೇ ಹೋಗುತ್ತದೆ. ಆ ನಿಲಯದಲ್ಲಿ ನಾನು ಗುಡಾಣದ ಕಂಪ್ಯೂಟರು ನೋಡಿಕೊಳ್ಳುತ್ತ, ಕಾವಲಿನವರಿಗೆ ಕಲಿಸುತ್ತ ಇಪ್ಪತ್ತೆರಡು ವರ್ಷ ಕೆಲಸ ಮಾಡಿದೆ. ನಿವೃತ್ತಳಾಗಿ ಆರು ವರ್ಷವಾಯಿತು.

ಕಾವಲಿನವರ ವಿಷಯದಲ್ಲಿ ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ತಳಕ್ಕೆ ಸಾವಿನ ಸುದ್ದಿ ಹೋಗಕೂಡದು. ಮೊದಲ ವರ್ಷ ಒಬ್ಬನಿಗೆ ತಾಯಿ ಹೋದದ್ದನ್ನು ತಿಳಿಸಿದರು. ಅವನು ಆಮೇಲೆ ಹದಿನೆಂಟು ದಿನ ದಡದವರ ಒಂದು ಮಾತಿಗೂ ಉತ್ತರ ಕೊಡಲಿಲ್ಲ. ಅಂದಿನಿಂದ, ಸತ್ತವರ ಮನೆಯವರು ಸಹ ಭಾನುವಾರ ನಿಲಯಕ್ಕೆ ಬಂದು, ಮುಖ ತೊಳೆದು, ಫೋನು ಹಿಡಿದು ನಗುತ್ತ ಮಾತಾಡಿ ಹೋಗುವುದನ್ನು ಕಲಿತರು. ಹೆಂಗಸರು ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. ಅವರಿಗೆ ನೀರು ತಂದುಕೊಡುವುದು ನನ್ನ ಕೆಲಸಗಳಲ್ಲಿ ಒಂದಾಗಿತ್ತು.

ನಾನು ಹೇಳಹೊರಟ ದಿನ ನಮ್ಮವರ ಮೊದಲ ಮಾಸಿಕ. ನಮ್ಮವರು ಎಂದರೆ ನನ್ನ ಯಜಮಾನರು, ಅನಂತ ಭಟ್ಟರು. ಊರ ಪಾಠಶಾಲೆಯಲ್ಲಿ ನಲವತ್ತು ವರ್ಷ ವೇದ ಹೇಳಿಕೊಟ್ಟವರು. ನಮಗೆ ಮಕ್ಕಳಿಲ್ಲ. ನಿವೃತ್ತಿಯ ಮೇಲೂ ನಮಗೇ ಬಿಟ್ಟುಕೊಟ್ಟಿದ್ದ ನಿಲಯದ ವಸತಿಸಾಲಿನ ಎರಡು ಕೋಣೆಯ ಮನೆಯಲ್ಲಿ ನಸುಕಿನ ಹೊತ್ತಿಗೆ ಅವರ ದನಿ ಏಳುತ್ತಿತ್ತು. ಒಲೆಯ ಮುಂದೆ ಕೂತ ನನಗೆ ಗೋಡೆಯಾಚೆಯಿಂದ ಅದು ಕೇಳುತ್ತಿತ್ತು. ಅವರು ಹೋಗಿ ತಿಂಗಳಾಗಿತ್ತು; ಹಾಲು ಉಕ್ಕುವ ಸದ್ದೂ ಕೇಳುವಷ್ಟು ಮನೆ ಸುಮ್ಮನಾಗಿತ್ತು.

ನಾನು ಮಡಿಯುಟ್ಟು ಪಾಯಸಕ್ಕೆ ಬೆಲ್ಲ ಹಾಕುತ್ತಿದ್ದೆ. ಮೈದುನನ ಮಗ ದರ್ಭೆ ಜೋಡಿಸುತ್ತಿದ್ದ. ಆಗ ಫೋನು ಬಂತು. ನಿಲಯದ ಮುಖ್ಯಸ್ಥ ರೊಡ್ರಿಗಿಸ್. ನನ್ನ ಕೈಕೆಳಗೆ ಕೆಲಸ ಕಲಿತವರು.

"ಭಾಗೀರಥಕ್ಕ, ಇವತ್ತು ಯಾವ ದಿನ ಅಂತ ನಂಗೆ ಗೊತ್ತುಂಟು. ಆದ್ರೂ ಕರೀತಾ ಇದ್ದೆ. ನಾಲ್ಕನೇ ಗುಡಾಣದಲ್ಲಿ ಗಾಳಿ ಶುದ್ಧ ಮಾಡೂ ಯಂತ್ರ ನಿಂತಿದೆ. ಒಳಗಿದ್ದ ಗಾಳಿ ಮಧ್ಯಾಹ್ನ ಎರಡೂವರೆ ತನಕ ಅಷ್ಟೇ. ಮೇಲೆ ತರೂಕೆ ಆಗ್ತಾ ಇಲ್ಲ."

"ಒಳಗೆ ಯಾರಿದ್ದಾರೆ?"

"ತುಳಸು. ತುಳಸು ಹರಿಕಂತ್ರ."

ನಾನು ಕಲಿಸಿದ ಕೊನೆಯ ಹುಡುಗಿ ಅವಳು. ಸೌಟು ಕೆಳಗಿಟ್ಟು, ಪುರೋಹಿತರಾದ ಗಜಾನನ ಶಾಸ್ತ್ರಿಗಳ ಮುಖ ನೋಡಿದೆ. ಅವರು ಜನಿವಾರ ಸರಿಮಾಡಿಕೊಳ್ಳುತ್ತ, "ಎಂತ ನೋಡ್ತ್ರಿ? ಹೋಗಿ. ಅಡುಗೆ ನಾವು ಇಳಿಸ್ಕತ್ತೇವೆ. ಭಟ್ರು ಇದ್ದಿದ್ರೆ ಇಷ್ಟೊತ್ತಿಗೆ ನಿಮ್ಮನ್ನ ಬೈದು ಕಳ್ಸ್ತಿದ್ರು," ಎಂದರು. ಮಡಿಸೀರೆಯಲ್ಲೇ ಗುಡ್ಡ ಇಳಿದೆ.

ನಿಲಯದ ಕೋಣೆ ನನಗೆ ಗುರುತು ಸಿಗಲಿಲ್ಲ. ಹಳೆಯ ಹಸಿರು ಅಕ್ಷರದ ಟರ್ಮಿನಲ್‌ಗಳೆಲ್ಲ ಹೋಗಿ, ಗೋಡೆಗೆ ಒಂದು ಬಾಗಿಲಿನಷ್ಟು ದೊಡ್ಡ ಪರದೆ ಬಂದಿತ್ತು. ಅದರ ಮುಂದೆ ಉದಯ ನಾಯ್ಕ ಕೂತಿದ್ದ. ಮೂವತ್ತೈದರ ಪ್ರಾಯ, ಅಂಕೋಲೆಯವನು, ಕೆಲಸದಲ್ಲಿ ಚುರುಕು. ಅವನ ಅಂಗಿಯ ಬೆನ್ನು ಬೆವರಿನಿಂದ ತೊಯ್ದಿತ್ತು.

ವಿಷಯ ಇಷ್ಟು. ಗುಡಾಣದ ಸುತ್ತ ಆರು ಕಬ್ಬಿಣದ ಭಾರಗಳು ನೇತಾಡುತ್ತವೆ. ಅವನ್ನು ಸರಿಯಾದ ಕ್ರಮದಲ್ಲಿ, ಎದುರುಬದುರು ನೋಡಿಕೊಂಡು, ಒಂದೊಂದಾಗಿ ಕಳಚಿದರೆ ಗೋಳ ನೆಟ್ಟಗೆ ಮೇಲೇರುತ್ತದೆ. ಕ್ರಮ ತಪ್ಪಿದರೆ ವಾಲಿ, ಕಣಿವೆಯ ಗೋಡೆಗೆ ಬಡಿಯುತ್ತದೆ. ಹಿಂದೆ ಕೈಯಿಂದ ಎಳೆಯುವ ಸನ್ನೆಕೋಲುಗಳಿದ್ದವು; ಗಾಬರಿಯಲ್ಲಿ ಒಬ್ಬರು ಒಂದೇ ಬದಿಯ ಭಾರ ಬಿಟ್ಟು ಜೀವ ಕಳೆದುಕೊಂಡ ಮೇಲೆ ಅವನ್ನು ತೆಗೆದು, ಕೆಲಸವನ್ನು ಗುಡಾಣದ ಕಂಪ್ಯೂಟರಿಗೆ ಒಪ್ಪಿಸಿದರು. ಕ್ರಮವೆಲ್ಲ ಅದರೊಳಗಿನ ಒಂದು ಸಣ್ಣ ಫೈಲಿನಲ್ಲಿದೆ. ಅದೇ ಫೈಲಿನಲ್ಲಿ, ಮುಚ್ಚಳ ಭದ್ರವಾಗಿದೆ ಎಂದು ಖಾತ್ರಿಯಾಗದೆ ಭಾರ ಬಿಡಕೂಡದೆಂದು ಒಂದು ಸಾಲಿದೆ. ಮುಚ್ಚಳ ಭದ್ರವಾಗಿಯೇ ಇತ್ತು, ಅದನ್ನು ಕಂಪ್ಯೂಟರಿಗೆ ಹೇಳಬೇಕಾದ ಸೆನ್ಸರು ಸತ್ತಿತ್ತು. ಆ ಒಂದು ಸಾಲು ತೆಗೆದರೆ ಗುಡಾಣ ಏಳುತ್ತದೆ. ಕಂಪ್ಯೂಟರಿಗೆ ಬ್ಯಾಟರಿ ಇದ್ದರೂ ಒಳಗಿನ ಪರದೆ ಕರೆಂಟಿಲ್ಲದೆ ಕಪ್ಪಾಗಿದ್ದುದರಿಂದ ತುಳಸುವಿಗೆ ಅದನ್ನು ಮಾಡಲು ಬರುವಂತಿರಲಿಲ್ಲ. ದಡದಿಂದಲೇ, ಎಳೆಯ ಮೂಲಕ, ಅಲ್ಲಿಯ ಹಳೆಯ ಎಡಿಟರು ತೆರೆದು ತಿದ್ದಬೇಕು.

"ಸಾಲು ತೆಗ್ದೆ ಅಕ್ಕ," ಎಂದ ಉದಯ. "ಆದ್ರೆ ಕೆಳಗಿನ ಸಾಲುಗಳೆಲ್ಲ ಎರಡೆರಡು ಸಲ ಕಾಣೂಕೆ ಶುರುವಾಯ್ತು. ಹೆಚ್ಚಿಗೆ ಇದ್ದ ಎರಡು ಸಾಲು ಅಳಿಸಿ ಮೆನುವಿನಿಂದ ಸೇವ್ ಮಾಡ್ದೆ. ಆಮೇಲೂ ಹಾಗೇ ಇತ್ತು. ಮತ್ತೆ ಅಳಿಸ್ದೆ, ಸೇವ್ ಮಾಡ್ದೆ, ಎಲ್ಲ ನಿಂತ್ಹೋಯ್ತು. ಗುಡಾಣದ ಕಂಪ್ಯೂಟರೇ ಸತ್ತಿದೆ ಅಂತ ಕಾಣ್ತದೆ."

ಪರದೆಯ ಮೇಲೆ ಒಡೆದ ಸಾಲುಗಳು, ನಡುನಡುವೆ ಅರ್ಥವಿಲ್ಲದ ಚಿಹ್ನೆಗಳು, ಒಂದರ ಬಾಲ ಇನ್ನೊಂದರ ತಲೆಯ ಮೇಲೆ. ಎಲ್ಲವೂ ಅಲ್ಲಾಡದೆ ನಿಂತಿತ್ತು.

ಮೇಜಿನ ಮೇಲಿನ ಫೋನಿನಿಂದ ದನಿ ಬಂತು. "ಯಾರಿಗೆ ಅಕ್ಕ ಅಂದದ್ದು? ಭಾಗೀರಥಕ್ಕನಾ?"

"ಹೌದು ತುಳಸು, ನಾನೇ."

"ಅಯ್ಯಯ್ಯೋ! ರಿಟೈರ್ ಆದೋರ್ನೂ ಎಳ್ಕಂಡ್ ಬಂದ್ರಾ? ಹಾಗಾದ್ರೆ ನನ್ ಕತೆ ಮುಗೀತು ಅಂತ ಆಯ್ತು." ಅವಳು ನಕ್ಕಳು, ನಗು ಕೆಮ್ಮಾಯಿತು. "ಭಟ್ರು ಹೇಗಿದ್ದಾರೆ ಅಕ್ಕ? ನಾ ಬರೂ ದಿನ ಅವ್ರಿಗೆ ಸ್ವಲ್ಪ ಜ್ವರ ಇತ್ತಲ್ಲ."

ಕೋಣೆಯಲ್ಲಿದ್ದ ಉದಯ, ರೊಡ್ರಿಗಿಸ್ ಇಬ್ಬರೂ ನೆಲ ನೋಡಿದರು. ಎಷ್ಟೋ ಹೆಂಗಸರಿಗೆ ಈ ಕೋಣೆಯಲ್ಲಿ ನಾನೇ ಹೇಳಿಕೊಟ್ಟಿದ್ದೆ: ಉಸಿರು ಮೊದಲು ಎಳೆದುಕೊಳ್ಳಿ, ಆಮೇಲೆ ಮಾತಾಡಿ.

"ಜ್ವರ ಇಳೀತು," ಎಂದೆ. "ಆರಾಮಿದ್ದಾರೆ."

"ಪಾಠ ಶುರು ಮಾಡಿದ್ರಾ?"

"ಮಾಡಿದ್ದಾರೆ. ನೀನು ಮಾತು ಕಡಿಮೆ ಮಾಡು. ಗಾಳಿ ಉಳಿಸು."

"ಹಾಂ, ಬೈಯೂಕೆ ಶುರು ಮಾಡಿದ್ರು," ಎಂದಳು ಅವಳು.

ನಾನು ಉದಯನ ಪಕ್ಕ ಕೂತೆ. "ಕೊನೆಗೆ ಸೇವ್ ಮಾಡಿದೆ ಅಂದ್ಯಲ್ಲ, ಅದೂ ಮೆನುವಿನಿಂದಲೇ?"

"ಇಲ್ಲಕ್ಕ, ಗಡಿಬಿಡಿಯಲ್ಲಿ ಕಂಟ್ರೋಲ್ ಎಸ್ ಒತ್ತಿದೆ. ಕೈಗೆ ಅದೇ ಅಭ್ಯಾಸ."

"ಕೆಳಗಿನ ಹಳೇ ಕಂಪ್ಯೂಟರಿಗೆ ಅದು ಸೇವ್ ಅಲ್ಲ ಮಾರಾಯ. 'ಕಳಿಸಬೇಡ, ನಿಲ್ಲು' ಅಂತ ಅರ್ಥ. ನೀನು ನಿಲ್ಲು ಅಂದೆ, ಅದು ನಿಂತಿದೆ. ಸತ್ತಿಲ್ಲ."

ಉದಯ ಕೂಡಲೇ ಕೀಲಿಮಣೆಗೆ ಕೈ ಹಾಕಿದ. ನಾನು ಅವನ ಮಣಿಕಟ್ಟು ಹಿಡಿದೆ. "ತಡಿ. ನಿಂತ ಮೇಲೆ ಏನೇನು ಒತ್ತಿದೆ?"

ಅವನು ತಲೆ ತಗ್ಗಿಸಿದ. "ಎಲ್ಲ ಒತ್ತಿದ್ದೆ. ಅಳಿಸೂದು, ಎಂಟರ್, ಬಾಣದ ಕೀ... ಹದಿನೈದಿಪ್ಪತ್ತು ಸಲ."

ಅವೆಲ್ಲ ಎಳೆಯ ಆಚೆ ತುದಿಯಲ್ಲಿ ಸರದಿಯಲ್ಲಿ ಕಾಯುತ್ತಿರುತ್ತವೆ. ತಡೆ ಬಿಟ್ಟೊಡನೆ ಒಂದೊಂದೂ ಫೈಲಿನ ಮೇಲೆ ಬೀಳುತ್ತದೆ. ಬೀಳಲಿ, ಸೇವ್ ಮಾಡದೆ ಹೊರಗೆ ಬಂದರೆ ಆಯಿತು. "ನಾನು ಹೇಳುವ ತನಕ ಯಾರೂ ಏನೂ ಒತ್ತಬೇಡಿ," ಎಂದು ಹೇಳಿ, ಕಂಟ್ರೋಲ್ ಕ್ಯೂ ಒತ್ತಿದೆ. ತಡೆ ತೆಗೆಯುವ ಕೀ ಅದು.

ಪರದೆ ಜೀವ ಬಂದು ಹರಿಯಿತು. ರೊಡ್ರಿಗಿಸ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ನನಗೆ ಮಾತ್ರ ಆ ಗಳಿಗೆಯಲ್ಲಿ ಬೇರೊಂದು ಪರದೆ ಕಣ್ಣಮುಂದೆ ಬಂತು. ಆಸ್ಪತ್ರೆಯಲ್ಲಿ ನಮ್ಮವರ ತಲೆದಿಂಬಿನ ಪಕ್ಕ ಇದ್ದದ್ದು. ಅದರ ಹಸಿರು ಗೆರೆ ನಿಂತಾಗ ನನ್ನ ಬಲಗೈ ತಾನಾಗಿ ಮಂಚದ ಅಂಚಿನಲ್ಲಿ ಒಂದು ಕೀಗಾಗಿ ತಡಕಾಡಿತ್ತು. ಇಪ್ಪತ್ತೆರಡು ವರ್ಷದ ರೂಢಿ. ಪಕ್ಕದಲ್ಲಿದ್ದ ನರ್ಸು, ಅಮ್ಮನಿಗೆ ಕೈ ನಡುಗುತ್ತಿದೆ ಎಂದುಕೊಂಡು ಹಿಡಿದುಕೊಂಡಳು.

ಸೇವ್ ಮಾಡದೆ ಎಡಿಟರಿನಿಂದ ಹೊರಗೆ ಬಂದೆ.

"ಸಾಲು ಎರಡೆರಡು ಯಾಕೆ ಕಂಡಿತು ಗೊತ್ತಾ?" ಎಂದು ಉದಯನಿಗೆ ಹೇಳುತ್ತಲೇ ಕೆಲಸ ಮಾಡಿದೆ. "ಈ ಎಡಿಟರು ಪ್ರತಿ ಸಲ ಇಡೀ ಪುಟ ಕಳಿಸೂದಿಲ್ಲ. ಬದಲಾದಷ್ಟೇ ಕಳಿಸ್ತದೆ. ಐದನೇ ಸಾಲಿಗೆ ಹೋಗು, ಇದನ್ನು ಬರಿ, ಕೆಳಗಿನದನ್ನು ಮೇಲೆ ಸರಿಸು ಅಂತ ಬರೀ ಅಪ್ಪಣೆ. ದಡದಲ್ಲಿ ಇನ್ನೂ ಇಪ್ಪತ್ನಾಲ್ಕು ಸಾಲಿನ ಹಳೇ ಪರದೆ ಉಂಟು ಅಂತಲೇ ಅದು ನಂಬಿದೆ. ನಿಮ್ಮದು ಎಪ್ಪತ್ತು ಸಾಲಿನ ಗೋಡೆ. ಅದು ಅಳಿಸು ಅಂದ ಜಾಗ ಒಂದು, ಇಲ್ಲಿ ಅಳಿಸಿದ ಜಾಗ ಇನ್ನೊಂದು. ಹಳೇ ಸಾಲಿನ ನೆರಳು ಹಾಗೇ ಉಳೀತದೆ."

"ಹಾಗಾದ್ರೆ ನಾ ಅಳಿಸಿದ್ದು ನೆರಳನ್ನಾ?"

"ನೆರಳನ್ನು ಅಳಿಸೂಕೆ ಬರೂದಿಲ್ಲ. ಅದು ಅಲ್ಲಿ ಇಲ್ಲವೇ ಇಲ್ಲ. ನೀನು ಅಳಿಸಿ ಸೇವ್ ಮಾಡಿದ್ದು ನಿಜವಾದ ಸಾಲು. ಎರಡು."

ಅವನ ಮುಖ ಬಿಳಿಚಿತು.

ನಾನು ಗುಡಾಣಕ್ಕೆ ನಮ್ಮ ಪರದೆಯ ವಿವರ ಬರೆದು ಕಳಿಸಿದೆ: ಹಳೆಯ ಸಾದಾ ಟರ್ಮಿನಲ್, ಇಪ್ಪತ್ನಾಲ್ಕು ಸಾಲು, ಸಾಲಿಗೆ ಎಂಬತ್ತು ಅಕ್ಷರ. ಗೋಡೆಯ ಮೇಲಿನ ಚೌಕವನ್ನು ಅಷ್ಟಕ್ಕೇ ಕುಗ್ಗಿಸು ಎಂದು ಉದಯನಿಗೆ ಹೇಳಿದೆ. ಆಮೇಲೆ ಫೈಲು ತೆರೆದೆ. ಆ ದೊಡ್ಡ ಗೋಡೆಯ ಮೂಲೆಯಲ್ಲಿ ಅಂಗೈಯಷ್ಟು ಜಾಗದಲ್ಲಿ ಅಕ್ಷರಗಳು ಸಾಲಾಗಿ, ಶುದ್ಧವಾಗಿ ನಿಂತವು. ಮುಚ್ಚಳದ ಸಾಲು ಇರಲಿಲ್ಲ, ಸರಿ. ಭಾರಗಳ ಹೆಸರು ಆರು ಇರಬೇಕಾದಲ್ಲಿ ನಾಲ್ಕು ಇದ್ದವು: ಬಂಗಡೆ, ಇಸ್ವಾಣ, ತಾರ್ಲೆ, ತೊರ್ಕೆ.

ಭಾರಗಳಿಗೆ ಮೀನಿನ ಹೆಸರಿಟ್ಟವರು ಕಾವಲಿನವರೇ. ಶೆಟ್ಲಿ ಮತ್ತು ನೊಗ್ಲಿ ಹೋಗಿವೆ ಎಂದು ಎಲ್ಲರಿಗೂ ತಿಳಿಯಿತು. ಅವು ಯಾವುದರ ನಂತರ ಬರಬೇಕೆಂದು ತಿಳಿಯಲಿಲ್ಲ. ಒಂದೊಂದು ಗುಡಾಣಕ್ಕೆ ಒಂದೊಂದು ಕ್ರಮ. ಕಚೇರಿಯಲ್ಲಿದ್ದ ನಕಲು ಹಳೆಯದು; ಕಳೆದ ವರ್ಷದ ದುರಸ್ತಿಯಲ್ಲಿ ಕ್ರಮ ಬದಲಾಗಿತ್ತು. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಮೇಲೇರಲು ಒಂದು ಗಂಟೆ ಇಪ್ಪತ್ತು ನಿಮಿಷ ಬೇಕು.

"ತುಳಸು, ನಿನ್ನ ಗುಡಾಣದ ಕ್ರಮ ಹೇಳು."

"ಅದೆಂತಾ... ಬಂಗಡೆ, ಇಸ್ವಾಣ, ತಾರ್ಲೆ, ನೊಗ್ಲಿ..." ಅವಳ ದನಿ ಎಳೆಯುತ್ತಿತ್ತು. "ಶೆಟ್ಲಿ, ತೊರ್ಕೆ. ಅಲ್ಲ. ಇಸ್ವಾಣ, ಶೆಟ್ಲಿ... ತಲೆ ಗಿಮ್ಮ್ ಅಂತದೆ ಅಕ್ಕ."

ಕೆಟ್ಟ ಗಾಳಿ ತಲೆಗೆ ಏರುತ್ತಿತ್ತು.

ನಾನು ಕೆಲಸದಲ್ಲಿದ್ದಾಗ, ಕ್ರಮ ಮರೆಯುವ ಕಾವಲಿನವರನ್ನು ಕಂಡು ಬೇಸತ್ತು ಒಂದು ದಿನ ಮನೆಯಲ್ಲಿ ಹೇಳಿಕೊಂಡಿದ್ದೆ. ನಮ್ಮವರು ಜಗುಲಿಯಲ್ಲಿ ಕೂತು ಕೇಳಿ, "ಅದಕ್ಕೇನು, ಕ್ರಮಪಾಠ ಮಾಡಿಸು," ಎಂದರು. ವೇದದ ಪದಗಳನ್ನು ಹಾಗೆ ಕಲಿಸುತ್ತಾರೆ: ಒಂದು-ಎರಡು, ಎರಡು-ಮೂರು, ಮೂರು-ನಾಲ್ಕು. ಪ್ರತಿ ಪದವೂ ಎರಡು ಸಲ ಬರುತ್ತದೆ, ಒಮ್ಮೆ ಹಿಂದಿನದರ ಕೈ ಹಿಡಿದು, ಒಮ್ಮೆ ಮುಂದಿನದರ ಕೈ ಹಿಡಿದು. ನಡುವಿನದು ಬಿಟ್ಟರೆ ನಾಲಿಗೆಯೇ ಎಡವುತ್ತದೆ. ತುಳಸುವಿಗೆ ಅದನ್ನು ನಮ್ಮ ಜಗುಲಿಯಲ್ಲಿ ಕೂರಿಸಿ ಹೇಳಿಕೊಟ್ಟವರು ಅವರೇ. ಪಾಠಶಾಲೆಯ ಭಟ್ಟರು ಬಂಗಡೆ-ಇಸ್ವಾಣ ಎಂದು ಸ್ವರವೆತ್ತಿ ಹೇಳುವುದನ್ನು ಕೇಳಿ ದಾರಿಹೋಕರು ನಿಲ್ಲುತ್ತಿದ್ದರು. "ನಿಮಗೆ ಮೈಲಿಗೆ ಆಗೂದಿಲ್ವಾ ಭಟ್ರೇ?" ಎಂದು ತುಳಸು ಕೆಣಕಿದರೆ, "ಬಾಯಲ್ಲಿ ಹೇಳೂಕೆ ಅಡ್ಡಿಲ್ಲ, ಬಾಯಿಗೆ ಹಾಕ್ಕಳ್ಳೂಕೆ ಮಾತ್ರ ಅಡ್ಡಿ," ಎನ್ನುತ್ತಿದ್ದರು. ನಾನು ನಿವೃತ್ತಳಾದ ಮೇಲೆ, ಫೈಲಿನಲ್ಲಿ ಎಲ್ಲ ಇರುವಾಗ ಬಾಯಿಪಾಠ ಯಾಕೆಂದು ಕಚೇರಿಯವರು ಅದನ್ನು ನಿಲ್ಲಿಸಿದ್ದರು.

"ತುಳಸು, ಹಾಗೆ ಹೇಳಬೇಡ. ಭಟ್ರು ಕಲಿಸಿದ ಹಾಗೆ ಹೇಳು. ದುರಸ್ತಿ ಆದ ಮೇಲೆ ಹೊಸ ಕ್ರಮ ಬಾಯಿಗೆ ಹಾಕ್ಕೊಂಡಿದ್ಯಾ?"

"ಹಾಕ್ಕಳ್ದೇ ಇರ್ತೆನಾ? ಅವ್ರು ಕೇಳಿದ್ರೆ ಎಂತ ಹೇಳೂದು ಮತ್ತೆ? ಬಂದ್ ಕೂಡ್ಲೇ ಪರೀಕ್ಷೆ ಮಾಡ್ತೇ ಅಂದಿದ್ರು." ಅವಳು ಉಸಿರೆಳೆದುಕೊಂಡಳು. "ಬಂಗಡೆ-ಇಸ್ವಾಣ."

"ಇಸ್ವಾಣ," ಎಂದೆ ನಾನು. ಪಾಠದಲ್ಲಿ ಎದುರು ಕೂತವರು ಕೊನೆಯ ಪದ ಎತ್ತಿಕೊಡಬೇಕು.

"ಇಸ್ವಾಣ-ಶೆಟ್ಲಿ."

"ಶೆಟ್ಲಿ."

"ಶೆಟ್ಲಿ-ನೊಗ್ಲಿ." ಅವಳು ಅದನ್ನೇ ಮತ್ತೊಮ್ಮೆ ಹೇಳಿ ನೋಡಿದಳು. "ಅಲ್ಲ ಅಲ್ಲ. ನಾಲಿಗೆ ಹೊರಳೂದಿಲ್ಲ. ಶೆಟ್ಲಿ-ತಾರ್ಲೆ."

"ತಾರ್ಲೆ."

"ತಾರ್ಲೆ-ನೊಗ್ಲಿ. ನೊಗ್ಲಿ-ತೊರ್ಕೆ. ಮುಗೀತು."

"ಇನ್ನೊಂದು ಸಲ."

"ಅಯ್ಯೋ, ಗಂಡ ಹೆಂಡ್ತಿ ಇಬ್ಬರೂ ಒಂದೇ ಜಾತಿ ಮಾಸ್ತರು," ಎಂದಳು. ಆದರೂ ಹೇಳಿದಳು. ಎರಡನೆಯ ಸಲವೂ, ಮೂರನೆಯ ಸಲವೂ ಕೊಂಡಿ ಕೊಂಡಿಗೆ ಕೂಡಿತು. ನಾನು ಹೇಳಿದೆ, ಉದಯ ಟೈಪು ಮಾಡಿದ. ಪ್ರತಿ ಸಾಲಿಗೆ ಪರದೆಯನ್ನು ಹೊಸದಾಗಿ ಬರೆಸಿ ನೋಡಿದೆವು. ಇಸ್ವಾಣದ ಕೆಳಗೆ ಶೆಟ್ಲಿ. ತಾರ್ಲೆಯ ಕೆಳಗೆ ನೊಗ್ಲಿ. ಮೆನುವಿನಿಂದ ಸೇವ್ ಮಾಡಿ, ಹೊರಗೆ ಬಂದು, ಮತ್ತೆ ತೆರೆದು ಓದಿದೆವು. ಆರು ಸಾಲೂ ಇದ್ದವು.

"ತುಳಸು, ಬಿಡ್ತಾ ಇದ್ದೇವೆ. ಮೊದಲ ಭಾರ ಬಿದ್ದ ಕೂಡಲೇ ಎಳೆ ಕಳಚಿಕೊಳ್ತದೆ. ಆಮೇಲೆ ಮಾತಿಲ್ಲ. ಪಟ್ಟಿ ಕಟ್ಟಿಕೋ."

"ಕಟ್ಕಂಡಿದ್ದೆ. ಅಕ್ಕಾ..."

"ಏನು?"

"ಭಟ್ರಿಗೆ ಹೇಳಿ, ನಾ ಪರೀಕ್ಷೆ ಪಾಸು ಅಂತ."

"ಹೇಳ್ತೇನೆ," ಎಂದೆ. ರೊಡ್ರಿಗಿಸ್ ಅಪ್ಪಣೆಯ ಕೀ ಒತ್ತಿದರು. ಫೋನಿನಲ್ಲಿ ದೊಡ್ಡ ಗಂಟೆ ಬಡಿದಂಥ ಒಂದು ಸದ್ದು ಬಂತು, ಮತ್ತೆ ಏನೂ ಇಲ್ಲ.

ಆ ಒಂದು ಗಂಟೆ ಇಪ್ಪತ್ತು ನಿಮಿಷ ನಾನು ಎದ್ದೇಳಲಿಲ್ಲ. ಪರದೆಯಲ್ಲಿ ಕೊನೆಗೆ ಬಂದ ಅಕ್ಷರಗಳು ಹಾಗೇ ನಿಂತಿದ್ದವು. ಅವನ್ನು ಬದಲಿಸಲು ಆಚೆ ತುದಿಯಲ್ಲಿ ಯಾರೂ ಇರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಮಹಾಬಲೇಶ್ವರನಿಗೆ ದೀಪ ಹಚ್ಚುವುದನ್ನು ಒಂದು ದಿನವೂ ಬಿಟ್ಟಿರಲಿಲ್ಲ. ಆದರೆ ಏನನ್ನೂ ಕೇಳುತ್ತಿರಲಿಲ್ಲ. ಕೇಳಿದ್ದು ಒಂದೇ, ಅದು ಆಗಿರಲಿಲ್ಲ. ಮತ್ತೆ ಕೇಳುವ ಬಾಯಿ ಉಳಿದಿರಲಿಲ್ಲ. ಅಂದು ಆ ಕೋಣೆಯಲ್ಲಿ ಸೆರಗಿನೊಳಗೆ ಕೈ ಜೋಡಿಸಿಕೊಂಡು ಕೇಳಿದೆ. ನನಗಾಗಿ ಅಲ್ಲವೆಂದು ಹೇಳಿಕೊಂಡೆ. ಅದು ಪೂರ್ತಿ ನಿಜವೋ ಇಲ್ಲವೋ ಅವನಿಗೆ ಗೊತ್ತು.

ಎರಡು ಗಂಟೆಗೆ ಏನೂ ಬರಲಿಲ್ಲ. ಎರಡೂ ಹತ್ತಕ್ಕೂ ಬರಲಿಲ್ಲ. ಉದಯ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಎರಡೂ ಹದಿನೇಳಕ್ಕೆ ಅಲ್ಲಿ ಕಾದಿದ್ದ ದೋಣಿಯ ರೇಡಿಯೋ ಕರಕರ ಎಂದಿತು. "ಬಂತು! ನೆಟ್ಟಗೆ ಬಂತು! ಮುಚ್ಚಳ ತೆಗೀತಾ ಇದ್ದೇವೆ." ಹಿಂದೆಯೇ ಹೆಣ್ಣು ದನಿಯೊಂದು ಗಂಟಲು ಹರಿಯುವಂತೆ ಕೆಮ್ಮಿ, ಯಾರಿಗೋ ಬೈದದ್ದು ಕೇಳಿಸಿತು. ಉದಯ ನೆಲದ ಮೇಲೇ ಕೂತು ಅತ್ತುಬಿಟ್ಟ. ರೊಡ್ರಿಗಿಸ್ ಅವನ ತಲೆಯ ಮೇಲೆ ಕೈಯಿಟ್ಟು ನಿಂತರು.

ದೋಣಿ ದಡ ಸೇರುವಾಗ ಐದು ದಾಟಿತ್ತು, ಬಿಸಿಲು ಓರೆಯಾಗಿತ್ತು. ತುಳಸುವಿನ ತಾಯಿ, ಅಣ್ಣಂದಿರು, ಕೇರಿಯ ಅರ್ಧ ಜನ ದೋಣಿ ನಿಲ್ಲುವ ಧಕ್ಕೆಯ ಮೇಲಿದ್ದರು. ನಾನು ಸ್ವಲ್ಪ ಹಿಂದೆ ನಿಂತಿದ್ದೆ. ಅವಳು ಕಂಬಳಿ ಹೊದ್ದು, ಬಿಳಿಚಿಕೊಂಡು, ಇಬ್ಬರ ಹೆಗಲು ಹಿಡಿದು ಇಳಿದಳು. ಅವ್ವ ಅವಳನ್ನು ಅಪ್ಪಿ ಮುಖ ಮೂಸಿ ಬಿಟ್ಟಾದ ಮೇಲೆ ಅವಳ ಕಣ್ಣು ಜನರ ನಡುವೆ ಹುಡುಕಿ, ನನ್ನನ್ನು ಕಂಡಿತು. ನಗುತ್ತ ಹತ್ತಿರ ಬಂದು ನನ್ನ ಕೈ ಹಿಡಿದಳು. ಅವಳ ಬೆರಳು ಮಂಜಿನಂತೆ ತಣ್ಣಗಿದ್ದವು.

"ಭಟ್ರು ಬರ್ಲಿಲ್ವಾ ಅಕ್ಕ? ಮನೇಲೇ ಕೂತಿದ್ದಾರಾ ನನ್ ಪರೀಕ್ಷೆ ಮಾಡೂಕೆ?"

ಅವಳ ತಾಯಿ ಬೇರೆ ಕಡೆ ತಿರುಗಿದಳು. ತುಳಸುವಿನ ನಗು ಇನ್ನೂ ಮುಖದ ಮೇಲಿತ್ತು. ಒಂದು ತಿಂಗಳಿಂದ ಊರಲ್ಲಿ ಯಾರೂ ನಮ್ಮವರನ್ನು ಹಾಗೆ, ಮನೆಯಲ್ಲಿ ಕೂತಿರುವವರ ವಿಷಯ ಕೇಳುವ ಹಾಗೆ, ಕೇಳಿರಲಿಲ್ಲ. ಭೂಮಿಯ ಮೇಲಿನವರಿಗೆಲ್ಲ ಅವರು ಹೋಗಿಯಾಗಿತ್ತು. ನೀರಿನಡಿಯ ಆ ಗೋಳದೊಳಗೆ ಒಬ್ಬಳ ಪಾಲಿಗೆ ಮಾತ್ರ ಅವರ ಜ್ವರ ಬಿಟ್ಟಿತ್ತು, ಪಾಠ ನಡೆಯುತ್ತಿತ್ತು.

ಅವಳ ಕಾಲು ಈಗ ದಡದ ಕಲ್ಲಿನ ಮೇಲಿತ್ತು. ನಿಯಮ ಇಲ್ಲಿಗೆ ಮುಗಿಯುತ್ತದೆ.

"ಇಲ್ಲಿ ಕೂತ್ಕೊ ತುಳಸು," ಎಂದು ಅವಳನ್ನು ಧಕ್ಕೆಯ ಅಂಚಿನಲ್ಲಿ ಕೂರಿಸಿ, ಪಕ್ಕದಲ್ಲಿ ಕೂತು, ಅವಳ ಕೈ ಬಿಡದೆ ಸುದ್ದಿ ಹೇಳಿದೆ.